ಬೋನ್ಸಾಯ್ ಕಾಂಡದ ಗಾಯ: ಕತ್ತರಿಸಿದ ಮೇಲಿನ ಕೆಲಸ

ಇವತ್ತು ಬೆಳಿಗ್ಗೆ ನನ್ನ ಚೈನೀಸ್ ಎಲ್ಮ್ ಬೋನ್ಸಾಯ್‌ನ ಕಾಂಡದ ಗಾಯ ಮುಚ್ಚಲು ಮೆತ್ತಿದ್ದ ಪೇಸ್ಟ್ ಬಿಡಿಸಿ ನೋಡಿದೆ. ನಾಲ್ಕು ವರ್ಷದ ಹಿಂದೆ ಅಲ್ಲಿ ಹೆಬ್ಬೆರಳು ದಪ್ಪದ ಕೊಂಬೆ ಇತ್ತು. ಅದನ್ನು ತೆಗೆದಾಗ ಗಿಡದ ಮುಂಭಾಗದಲ್ಲೇ, ಕಣ್ಣಿಗೆ ಮೊದಲು ಬೀಳುವ ಜಾಗದಲ್ಲೇ, ಬೋಳು ಮರ ಕಾಣುವಷ್ಟು ದೊಡ್ಡ ಗಾಯ ಆಗಿತ್ತು. ಈಗ ಎರಡೂ ಪಕ್ಕದಿಂದ ಹೊಸ ತೊಗಟೆ ಉರುಳಿಕೊಂಡು ಬಂದು ನಡುವೆ ಸೇರಿಕೊಂಡಿದೆ. ಕೆಳತುದಿಯಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಜಾಗ ಬಾಕಿ. ಸುಮಾರು ಹೊತ್ತು ಅದನ್ನೇ ನೋಡುತ್ತಾ ಕುಳಿತಿದ್ದೆ.

ಎಲ್ಲ ಗಿಡಗಳೂ ಹೀಗೆ ಆಗಿಲ್ಲ. ಇದಕ್ಕೂ ಮುಂಚೆ ಒಂದು ಮೇಪಲ್ ಇತ್ತು. ಅದರ ದಪ್ಪ ಕೊಂಬೆಯನ್ನು ಸಾಮಾನ್ಯ ತೋಟದ ಕತ್ತರಿಯಿಂದ ಕತ್ತರಿಸಿದ್ದೆ, ಬುಡದಲ್ಲಿ ಅರ್ಧ ಇಂಚು ಮೋಟು ಹಾಗೇ ಉಳಿದಿತ್ತು. "ದಪ್ಪಗೆ ಪೇಸ್ಟ್ ಮೆತ್ತಿ, ಮರೆತುಬಿಡಿ" ಅಂತ ಅನುಭವಿಯೊಬ್ಬರು ಹೇಳಿದ್ದರು. ಹಾಗೇ ಮಾಡಿದೆ, ನಿಜವಾಗಲೂ ಮರೆತುಬಿಟ್ಟೆ. ಎರಡು ವರ್ಷ ಆದ ಮೇಲೆ ಪೇಸ್ಟ್ ಕಿತ್ತರೆ ಒಳಗಿನ ಮರ ನೆನೆದ ಬೆಂಡಿನ ಹಾಗೆ ಮೆತ್ತಗಾಗಿತ್ತು. ಚಾಕುವಿನ ತುದಿ ಯಾವ ತಡೆಯೂ ಇಲ್ಲದೆ ಒಳಗೆ ಇಳಿಯಿತು. ಹೊರಗಿನಿಂದ ಪೇಸ್ಟ್ ಮಾತ್ರ ಹೊಸದರ ಹಾಗೇ ಇತ್ತು. ಕೊಳೆತ ಕೆಳಗೆ ಬುಡದವರೆಗೂ ಓಡಿತ್ತು. ಆ ಗಿಡ ಉಳಿಯಿತು, ಆದರೆ ಕಾಂಡದ ಒಂದು ಮಗ್ಗುಲು ಪೂರ್ತಿ ಹೋಯಿತು. ತುಂಬಾ ನೋವಾಯಿತು. ಅವತ್ತಿನಿಂದ ಗಾಯದ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳಲೇಬೇಕು ಅಂತ ಓದಲು ಶುರು ಮಾಡಿದೆ.

ಮೊದಲು ಅರ್ಥ ಆಗಬೇಕಾದದ್ದು ಇದು: ಮರದ ಗಾಯ ಮಾಯುವುದಿಲ್ಲ. ನಮ್ಮ ಕೈ ಕುಯ್ದರೆ ಅದೇ ಜಾಗದಲ್ಲಿ ಹೊಸ ಚರ್ಮ ಬರುತ್ತದೆ, ಅಲ್ವಾ? ಮರಕ್ಕೆ ಆ ಗುಣ ಇಲ್ಲ. ಕತ್ತರಿಸಿದ ಮೇಲ್ಮೈ ಕೊನೆಯವರೆಗೂ ಹಾಗೇ ಒಳಗೆ ಉಳಿಯುತ್ತದೆ. ಮರ ಅದರ ಸುತ್ತ ಒಂದು ಬೇಲಿ ಹಾಕಿಕೊಳ್ಳುತ್ತದೆ, ಮೇಲೆ ಹೊಸ ಮರ ಬೆಳೆಸಿ ಹೂತುಬಿಡುತ್ತದೆ. ಇದನ್ನು ಚೆನ್ನಾಗಿ ತೋರಿಸಿಕೊಟ್ಟವರು ಅಮೆರಿಕದ ಅರಣ್ಯ ಇಲಾಖೆಯಲ್ಲಿ ಮರಗಳ ರೋಗ ಅಧ್ಯಯನ ಮಾಡುತ್ತಿದ್ದ ಅಲೆಕ್ಸ್ ಶಿಗೋ. ಸಾವಿರಾರು ಮರಗಳನ್ನು ಯಂತ್ರದ ಗರಗಸದಿಂದ ಉದ್ದಕ್ಕೆ ಸೀಳಿ, ಹಳೆಯ ಗಾಯದಿಂದ ಕೊಳೆತ ಎಲ್ಲಿಯವರೆಗೆ ಹೋಗಿದೆ, ಎಲ್ಲಿ ನಿಂತಿದೆ ಅಂತ ನೋಡಿದವರು ಅವರು. 1977ರಲ್ಲಿ ಅವರೂ ಹೆರಾಲ್ಡ್ ಮಾರ್ಕ್ಸ್ ಅವರೂ ಸೇರಿ ಇದನ್ನು ನಾಲ್ಕು ಗೋಡೆಗಳ ಲೆಕ್ಕದಲ್ಲಿ ವಿವರಿಸಿದರು.

ನನಗೆ ಅರ್ಥ ಆದ ಹಾಗೆ ಹೇಳುತ್ತೇನೆ. ಮೊದಲನೆಯ ಗೋಡೆ ಮೇಲೆ ಕೆಳಗೆ ಹರಡುವುದನ್ನು ತಡೆಯಲು. ನೀರು ಹರಿಯುವ ಕೊಳವೆಗಳನ್ನು ಮರ ತಾನೇ ಬಂದ್ ಮಾಡಿಕೊಳ್ಳುತ್ತದೆ. ಇದು ಎಲ್ಲಕ್ಕಿಂತ ಬಲ ಕಡಿಮೆ ಇರುವ ಗೋಡೆ. ನನ್ನ ಮೇಪಲ್‌ನಲ್ಲಿ ಕೊಳೆತ ಬುಡದ ಕಡೆಗೆ ಅಷ್ಟು ಬೇಗ ಇಳಿದದ್ದು ಇದಕ್ಕೇ. ಎರಡನೆಯದು ತಿರುಳಿನ ಕಡೆಗೆ, ಮೂರನೆಯದು ಅಕ್ಕಪಕ್ಕಕ್ಕೆ ಹೋಗದಂತೆ. ನಾಲ್ಕನೆಯದು ಗಾಯ ಆದ ಮೇಲೆ ತೊಗಟೆಯ ಅಡಿಯ ಕ್ಯಾಂಬಿಯಮ್ ಪದರ ಹೊಸದಾಗಿ ಕಟ್ಟುವ ಗೋಡೆ, ಅದೇ ಎಲ್ಲಕ್ಕಿಂತ ಗಟ್ಟಿ. ಗಾಯ ಆದ ದಿನ ಇದ್ದ ಮರ ಕೊಳೆಯಬಹುದು, ಆದರೆ ಆಮೇಲೆ ಹೊರಗೆ ಬೆಳೆದ ಮರಕ್ಕೆ ಅದು ಸಾಮಾನ್ಯವಾಗಿ ದಾಟುವುದಿಲ್ಲ. ದೊಡ್ಡ ಮರಗಳು ಒಳಗೆ ಟೊಳ್ಳಾಗಿದ್ದರೂ ಹಸಿರಾಗಿ ನಿಂತಿರುವುದು ಹೀಗೆ.

ಬೋನ್ಸಾಯ್‌ಗೆ ಬಂದರೆ ಲೆಕ್ಕ ಕಷ್ಟ. ಕಾಂಡವೇ ನಾಲ್ಕು ಬೆರಳು ದಪ್ಪ, ಅದರಲ್ಲಿ ಹೆಬ್ಬೆರಳು ದಪ್ಪದ ಗಾಯ ಅಂದರೆ ಸಣ್ಣದಲ್ಲ. ಕುಂಡ ಚಿಕ್ಕದು, ಬೇರು ಕಡಿಮೆ, ವರ್ಷಕ್ಕೆ ಬೆಳೆಯುವ ಹೊಸ ಮರದ ಪದರ ತೀರಾ ತೆಳು. ಹಾಗಾಗಿ ತೋಟದ ಮರ ತಾನಾಗಿಯೇ ನಿಭಾಯಿಸಿಕೊಳ್ಳುವ ಗಾಯವನ್ನು ಇಲ್ಲಿ ನಾವು ಕೈ ಹಿಡಿದು ನಡೆಸಬೇಕು.

ಈಗ ಕತ್ತರಿಸುವ ವಿಷಯ. ತೋಟದ ಮರಕ್ಕೆ ಒಂದು ನಿಯಮ ಇದೆ. ಕೊಂಬೆಯ ಬುಡದಲ್ಲಿ ಉಬ್ಬಿದ ಉಂಗುರದಂಥ ಭಾಗ ಇರುತ್ತದಲ್ಲ, ಅದನ್ನು ಬಿಟ್ಟು, ಅದರ ಹೊರಗೆ ಕತ್ತರಿಸಬೇಕು. ಮರದ ಆರೋಗ್ಯಕ್ಕೆ ಅದೇ ಸರಿ. ಬೋನ್ಸಾಯ್‌ನಲ್ಲಿ ಆ ಉಬ್ಬು ಉಳಿದರೆ ಕಾಂಡದ ಗೆರೆ ಕೆಡುತ್ತದೆ, ಮೇಲೆ ಬರುವ ಹೊಸ ತೊಗಟೆ ಸೇರಿ ಗಂಟು ಇನ್ನೂ ದಪ್ಪ ಆಗುತ್ತದೆ. ಅದಕ್ಕೇ ನಾವು ಸ್ವಲ್ಪ ಒಳಕ್ಕೆ ತಗ್ಗು ಬರುವ ಹಾಗೆ ಕತ್ತರಿಸುತ್ತೇವೆ. ಹೊಸ ತೊಗಟೆ ಉಬ್ಬಿಕೊಂಡು ಬಂದು ಆ ತಗ್ಗನ್ನು ತುಂಬಿದಾಗ ಕಾಂಡದ ಮಟ್ಟಕ್ಕೆ ಸರಿಹೋಗುತ್ತದೆ. ಕಾನ್‌ಕೇವ್ ಕಟರ್ ಅನ್ನುವ ಉಪಕರಣ ಇರುವುದೇ ಇದಕ್ಕೆ. ಇನ್ನೂ ದುಂಡು ಬಾಯಿಯ ನಾಬ್ ಕಟರ್ ಕೂಡ ಬರುತ್ತದೆ, ತಗ್ಗನ್ನು ಆಳ ಮಾಡಲು ಅದು ಒಳ್ಳೆಯದು.

ದಪ್ಪ ಕೊಂಬೆಯನ್ನು ಒಂದೇ ಏಟಿಗೆ ಕಟರ್‌ನಲ್ಲಿ ಹಿಚುಕಬೇಡಿ. ಮರ ಜಜ್ಜಿಹೋಗುತ್ತದೆ, ಕಟರ್ ಕೂಡ ಹಾಳಾಗುತ್ತದೆ. ಮೊದಲು ಗರಗಸದಿಂದ ಸ್ವಲ್ಪ ಮೋಟು ಬಿಟ್ಟು ಕತ್ತರಿಸಿ, ಆಮೇಲೆ ಆ ಮೋಟನ್ನು ಕಟರ್‌ನಿಂದ ಸ್ವಲ್ಪ ಸ್ವಲ್ಪವೇ ಕಚ್ಚಿ ತೆಗೆಯುತ್ತಾ ಬನ್ನಿ. ಎಷ್ಟು ತಗ್ಗು ಬೇಕು ಅನ್ನುವುದು ಗಿಡದ ಮೇಲೆ ಹೋಗುತ್ತದೆ. ಟ್ರೈಡೆಂಟ್ ಮೇಪಲ್‌ನಂಥ ಗಿಡ ದಪ್ಪ ಅಂಚು ಕಟ್ಟುತ್ತದೆ, ಅದಕ್ಕೆ ತಗ್ಗು ಜಾಸ್ತಿ ಇರಲಿ. ಅಂಚು ತೆಳುವಾಗಿ ಬರುವ ಗಿಡಕ್ಕೆ ಆಳ ಮಾಡಿದರೆ ಗುಂಡಿ ಗುಂಡಿಯಾಗಿಯೇ ಉಳಿಯುತ್ತದೆ. ಗಾಯ ಮೇಲ್ಮುಖವಾಗಿದ್ದರೆ ನೀರು ನಿಲ್ಲದಂತೆ ಕೆಳಗಿನ ಅಂಚಿನ ಕಡೆಗೆ ಇಳಿಜಾರು ಕೊಡಲೇಬೇಕು. ಉಪಕರಣವನ್ನು ಮೊದಲೇ 70 ಶೇಕಡಾ ಆಲ್ಕೋಹಾಲ್‌ನಿಂದ ಒರೆಸಿಕೊಳ್ಳಿ, ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗಲೂ.

ಕಟರ್ ಕೆಳಗಿಟ್ಟ ಮೇಲೆ ಮಾಡುವ ಕೆಲಸವೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ, ಮತ್ತು ತುಂಬಾ ಜನ ಬಿಟ್ಟುಬಿಡುವುದೂ ಅದನ್ನೇ. ಕಸಿ ಮಾಡುವ ಚಾಕು, ಇಲ್ಲವೇ ಹೊಸ ಬ್ಲೇಡ್, ಒಟ್ಟಿನಲ್ಲಿ ತುಂಬಾ ಚೂಪಾಗಿರುವುದನ್ನು ತೆಗೆದುಕೊಂಡು ಗಾಯದ ಸುತ್ತಲಿನ ತೊಗಟೆಯ ಅಂಚನ್ನು ತೆಳುವಾಗಿ ಕೆತ್ತಿ ಹೊಸದು ಮಾಡಬೇಕು. ಕಟರ್ ಎಷ್ಟೇ ಹರಿತ ಇದ್ದರೂ ಅಂಚಿನ ಜೀವಕೋಶಗಳನ್ನು ಸ್ವಲ್ಪ ಜಜ್ಜಿರುತ್ತದೆ. ಜಜ್ಜಿದ ಅಂಚು ಒಣಗಿ ಹಿಂದಕ್ಕೆ ಸರಿಯುತ್ತದೆ, ಗಾಯ ನೀವು ಮಾಡಿದ್ದಕ್ಕಿಂತ ದೊಡ್ಡದಾಗುತ್ತದೆ. ಚಾಕು ಆಡಿಸಿದ ಮೇಲೆ ಹತ್ತಿರದಿಂದ ನೋಡಿ. ಹೊರಗೆ ಕಂದು ತೊಗಟೆ, ಒಳಗೆ ಬಿಳಿ ಮರ, ಇವೆರಡರ ನಡುವೆ ತೊಗಟೆಯ ಒಳಮೈಯಲ್ಲಿ ಹಸಿ ಹಸಿರು ಗೆರೆ ಕಾಣುತ್ತದೆ. ಕ್ಯಾಂಬಿಯಮ್ ಇರುವುದು ಆ ಗೆರೆಗೂ ಬಿಳಿ ಮರಕ್ಕೂ ನಡುವೆ. ಕೆಲವೇ ಜೀವಕೋಶಗಳಷ್ಟು ತೆಳುವಾದ ಪದರ ಅದು. ಗಾಯವನ್ನು ಮುಚ್ಚುವ ಹೊಸ ಮರ, ಹೊಸ ತೊಗಟೆ ಎಲ್ಲ ಹುಟ್ಟುವುದು ಅಲ್ಲಿಂದಲೇ. ಗೆರೆ ಸುತ್ತಲೂ ಒಂದೇ ಸಮನೆ ತುಂಡಾಗದೆ ಕಾಣಬೇಕು. ಎಲ್ಲಾದರೂ ಕಂದು ಬಣ್ಣಕ್ಕೆ ತಿರುಗಿದ್ದರೆ ಹಸಿರು ಸಿಗುವವರೆಗೆ ಇನ್ನೊಂದು ಚೂರು ಕೆತ್ತಿ.

ಆಕಾರದ ಬಗ್ಗೆಯೂ ಒಂದು ಮಾತು. ಗಾಯ ಮುಖ್ಯವಾಗಿ ಮುಚ್ಚಿಕೊಳ್ಳುವುದು ಎರಡು ಪಕ್ಕಗಳಿಂದ. ರಸ ಹರಿಯುವುದು ಮೇಲೆ ಕೆಳಗೆ, ಹಾಗಾಗಿ ಮೇಲಿನ ಮತ್ತು ಕೆಳಗಿನ ಅಂಚಿಗೆ ಅಷ್ಟು ಪೋಷಣೆ ಸಿಗುವುದಿಲ್ಲ. ದುಂಡು ಗಾಯದ ತಲೆ ಮತ್ತು ಕೆಳಭಾಗ ಎಷ್ಟೋ ಸಲ ಒಣಗಿ, ತಾನೇ ಉದ್ದ ಆಗಿಬಿಡುತ್ತದೆ. ಅದಕ್ಕೆ ಮೊದಲೇ ಕಾಂಡದ ಉದ್ದಕ್ಕೆ ಮೊಟ್ಟೆಯಾಕಾರ ಬರುವ ಹಾಗೆ, ಮೇಲೆ ಕೆಳಗೆ ಸ್ವಲ್ಪ ಚೂಪಾಗಿ ಕೆತ್ತಿಬಿಡುವುದು ವಾಸಿ. ನನ್ನ ಎಲ್ಮ್‌ನಲ್ಲಿ ಕೊನೆಗೂ ಉಳಿದಿರುವ ಆ ಸಾಸಿವೆ ಜಾಗ ಕೆಳತುದಿಯಲ್ಲೇ ಇದೆ ನೋಡಿ.

ಇನ್ನು ಪೇಸ್ಟ್. ಎಲ್ಲರೂ ಮೊದಲು ಕೇಳುವುದು ಯಾವ ಪೇಸ್ಟ್ ಅಂತ. ಪೇಸ್ಟ್ ಕೊಳೆತವನ್ನು ತಡೆಯುವುದಿಲ್ಲ. ಶಿಗೋ ಮತ್ತು ವಾಲ್ಟರ್ ಶಾರ್ಟ್ಲ್ 13 ವರ್ಷ ಬೇರೆ ಬೇರೆ ಲೇಪಗಳನ್ನು ಪರೀಕ್ಷಿಸಿ, 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಲೇಪ ಹಚ್ಚಿದ ಮಾತ್ರಕ್ಕೆ ಕೊಳೆಯುವುದು ನಿಲ್ಲಲಿಲ್ಲ. ಇದನ್ನು ಓದಿದ ಮೇಲೆ ಕೆಲವರು ಪೇಸ್ಟ್ ಬೇಡವೇ ಬೇಡ ಅನ್ನುತ್ತಾರೆ. ನಾನು ಈಗಲೂ ಹಚ್ಚುತ್ತೇನೆ, ಆದರೆ ಬೇರೆ ಕಾರಣಕ್ಕೆ. ಆ ಹಸಿರು ಅಂಚು ಒಣಗಬಾರದು, ಅಷ್ಟೇ. ಬೋನ್ಸಾಯ್‌ನ ತೊಗಟೆ ತೆಳು, ಬಿಸಿಲಿಗೆ ಗಾಳಿಗೆ ಅಂಚು ಬೇಗ ಒಣಗಿ ಒಂದೆರಡು ಮಿಲಿಮೀಟರ್ ಹಿಂದೆ ಸರಿಯುತ್ತದೆ. ಇಷ್ಟು ಸಣ್ಣ ಕಾಂಡದಲ್ಲಿ ಆ ಒಂದೆರಡು ಮಿಲಿಮೀಟರ್ ಅಂದರೆ ಒಂದು ವರ್ಷದ ಬೆಳವಣಿಗೆ.

ಬೋನ್ಸಾಯ್‌ಗೆ ಅಂತಲೇ ಮಾಡಿದ ಕಟ್ ಪೇಸ್ಟ್‌ನಲ್ಲಿ ಎರಡು ಬಗೆ. ಒಂದು ಜೇಡಿಮಣ್ಣಿನ ಉಂಡೆಯ ಹಾಗೆ ಮೆತ್ತಗಿರುವುದು, ಇನ್ನೊಂದು ಟ್ಯೂಬಿನಿಂದ ಹಿಂಡಿ ಹಚ್ಚುವುದು, ಹಚ್ಚಿದ ಮೇಲೆ ರಬ್ಬರ್ ಪೊರೆಯ ಹಾಗೆ ಒಣಗುತ್ತದೆ. ಸಣ್ಣ ಗಾಯಕ್ಕೆ ಟ್ಯೂಬಿನದು ಸಾಕು. ಕಾಂಡದ ದೊಡ್ಡ ಗಾಯಕ್ಕೆ ಉಂಡೆಯದೇ ಒಳ್ಳೆಯದು, ಯಾಕೆಂದರೆ ಅಂಚು ಉಬ್ಬಿದ ಹಾಗೆ ಅದು ಜರುಗಿ ಜಾಗ ಕೊಡುತ್ತದೆ, ಬೇಕಾದಾಗ ಬಿಡಿಸಿ ಒಳಗೆ ನೋಡಲೂ ಬರುತ್ತದೆ. ಕೈ ಒದ್ದೆ ಮಾಡಿಕೊಂಡು ಉರುಳಿಸಿದರೆ ಬೆರಳಿಗೆ ಅಂಟುವುದಿಲ್ಲ. ಅಂಚಿನಿಂದ ಆಚೆ ಒಳ್ಳೆಯ ತೊಗಟೆಯ ಮೇಲೂ ಸ್ವಲ್ಪ ಬರುವ ಹಾಗೆ ಒತ್ತಿ. ದೊಡ್ಡ ಗಾಯಕ್ಕೆ ಅದರ ಮೇಲೆ ಅಲ್ಯೂಮಿನಿಯಂ ಹಾಳೆಯ ಟೇಪ್ ಅಂಟಿಸುವವರೂ ಇದ್ದಾರೆ, ಒಳಗೆ ತೇವ ಕತ್ತಲು ಎರಡೂ ಉಳಿಯುತ್ತದೆ ಅಂತ. ಎಲ್ಮ್‌ಗೆ ಎರಡು ವರ್ಷ ನಾನೂ ಹಾಗೆ ಮಾಡಿದೆ. ಡಾಂಬರಿನ ಕಪ್ಪು ಲೇಪ, ಗೋಡೆಯ ಪೇಂಟ್ ಇವುಗಳ ಹತ್ತಿರ ಹೋಗಬೇಡಿ. ತೊಗಟೆಗೆ ಹತ್ತಿದ ಕಪ್ಪು ಹೋಗುವುದೇ ಇಲ್ಲ.

ಇಷ್ಟೆಲ್ಲ ಮಾಡಿದರೂ ಗಾಯ ಮುಚ್ಚುವುದು ಚಾಕುವೂ ಅಲ್ಲ, ಪೇಸ್ಟೂ ಅಲ್ಲ. ಗಾಯ ಮುಚ್ಚುವುದು ಎಲೆ. ಇದು ನನಗೆ ತಡವಾಗಿ ಹೊಳೆಯಿತು. ಎಲೆ ಮಾಡಿದ ಆಹಾರ ತೊಗಟೆಯೊಳಗಿಂದ ಕೆಳಗೆ ಇಳಿದು ಬಂದರೆ ಮಾತ್ರ ಅಂಚಿನಲ್ಲಿ ಹೊಸ ಮರ ಕಟ್ಟಲು ಸಾಧ್ಯ. ಗಾಯದ ಮೇಲ್ಭಾಗದಲ್ಲಿ ಎಲೆ ಜಾಸ್ತಿ ಇದ್ದಷ್ಟೂ ಗಾಯ ಬೇಗ ಮುಚ್ಚುತ್ತದೆ. ನಾವೇನು ಮಾಡುತ್ತೇವೆ? ಕೊಂಬೆ ಕತ್ತರಿಸಿದ ಕೈಯಲ್ಲೇ ಉಳಿದ ಕೊಂಬೆಗಳನ್ನೂ ಚಿವುಟಿ, ಚಂದ ಮಾಡಿ, ಸಣ್ಣ ಕುಂಡಕ್ಕೆ ಹಾಕಿ ಕೂರಿಸುತ್ತೇವೆ. ಆಮೇಲೆ ಮೂರು ವರ್ಷ ಆದರೂ ಅಂಚು ಅಲ್ಲಾಡಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತೇವೆ. ಗಿಡಕ್ಕೆ ಬೆಳೆಯಲು ಬಿಡದೆ ಗಾಯ ಮುಚ್ಚಲಿ ಅಂದರೆ ಹೇಗೆ?

ಎಲ್ಮ್‌ಗೆ ನಾನು ಮಾಡಿದ್ದು ಇಷ್ಟು. ಗಾಯಕ್ಕಿಂತ ಸ್ವಲ್ಪ ಮೇಲೆ, ಹಿಂಭಾಗದಲ್ಲಿ, ಒಂದು ಚಿಗುರನ್ನು ಕತ್ತರಿ ಮುಟ್ಟಿಸದೆ ಹಾಗೇ ಬಿಟ್ಟೆ. ಇದನ್ನು ಬಲಿಕೊಂಬೆ ಅನ್ನೋಣ. ಮುಂದೆ ತೆಗೆದುಬಿಡುವ ಕೊಂಬೆಯೇ, ಆದರೆ ಅಲ್ಲಿಯವರೆಗೆ ಅದರ ಕೆಲಸ ಓಡಿ ಬೆಳೆದು ಕಾಂಡಕ್ಕೆ ಆಹಾರ ಇಳಿಸುವುದು. ಮೂರು ವರ್ಷದಲ್ಲಿ ಅದು ಗಿಡಕ್ಕಿಂತ ಎತ್ತರ ಹೋಯಿತು. ಕುಂಡವನ್ನೂ ಬದಲಿಸಿ ಅಗಲದ ಬೆಳೆಸುವ ಕುಂಡಕ್ಕೆ ಹಾಕಿದೆ, ಗೊಬ್ಬರ ತಪ್ಪಿಸಲಿಲ್ಲ. ನೋಡಲು ಗಿಡ ಚೆನ್ನಾಗಿರಲಿಲ್ಲ, ನಿಜ. ಆದರೆ ಎರಡನೆಯ ವರ್ಷ ಪೇಸ್ಟ್ ಬಿಡಿಸಿದಾಗ ಅಂಚು ಎರಡೂ ಕಡೆ ದಪ್ಪ ತುಟಿಯ ಹಾಗೆ ಉಬ್ಬಿತ್ತು. ಆ ಕೊಂಬೆ ಇದ್ದ ಮಗ್ಗುಲಿನ ತುಟಿ ಇನ್ನೊಂದು ಕಡೆಯದಕ್ಕಿಂತ ಹೆಚ್ಚು ದಪ್ಪ ಇತ್ತು. ಕಣ್ಣಿಗೇ ಕಾಣುವಷ್ಟು ವ್ಯತ್ಯಾಸ. ಗಾಯದ ಅಂಚಿನಲ್ಲೇ ಸಣ್ಣ ಮೊಗ್ಗು ಒಡೆದರೆ ಅದನ್ನೂ ಕೀಳಬೇಡಿ, ಒಂದು ಬೆಳೆಯುವ ಕಾಲ ಬಿಡಿ. ದಪ್ಪ ಆಗುವ ಮುಂಚೆ ತೆಗೆದರಾಯಿತು.

ಒಂದು ಹಂತದಲ್ಲಿ ಅಂಚು ನಿಂತುಬಿಡುತ್ತದೆ. ಮೊದಲ ವರ್ಷ ಚೆನ್ನಾಗಿ ಉರುಳುತ್ತದೆ, ಆಮೇಲೆ ಆ ತುಟಿಯ ಮೇಲೇ ತೊಗಟೆ ಬಲಿತು, ಮುಂದಕ್ಕೆ ಬರುವ ಬದಲು ಅಲ್ಲೇ ದಪ್ಪ ಆಗುತ್ತಾ ಕೂರುತ್ತದೆ. ಆಗ ಪೇಸ್ಟ್ ಬಿಡಿಸಿ, ತುಟಿಯ ಒಳ ಅಂಚನ್ನು ಮಾತ್ರ ಚೂಪು ಚಾಕುವಿನಿಂದ ಕೂದಲೆಳೆಯಷ್ಟು ಕೆತ್ತಿ ಹಸಿರು ಕಾಣಿಸಿ, ಮತ್ತೆ ಪೇಸ್ಟ್ ಹಚ್ಚಬೇಕು. ಮರಕ್ಕೆ ಅದು ಹೊಸ ಗಾಯ, ಮತ್ತೆ ಉರುಳಲು ಶುರು ಮಾಡುತ್ತದೆ. ನಾನು ವರ್ಷಕ್ಕೆ ಒಂದು ಸಲ, ಗಿಡ ಜೋರಾಗಿ ಬೆಳೆಯುವ ಕಾಲದಲ್ಲಿ ಇದನ್ನು ಮಾಡುತ್ತೇನೆ. ಪೇಸ್ಟ್ ಬಿಡಿಸಿ ನೋಡುವುದರಿಂದ ಇನ್ನೊಂದು ಲಾಭ ಇದೆ. ಒಳಗೆ ಮರ ಮೆತ್ತಗಾಗುತ್ತಿದ್ದರೆ ಆಗಲೇ ಗೊತ್ತಾಗುತ್ತದೆ. ಮೆತ್ತಗಾದ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕೆರೆದು, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಮುಚ್ಚಿ. ಹಸಿಯಾಗಿದ್ದಾಗಲೇ ಮುಚ್ಚಿದರೆ ನನ್ನ ಮೇಪಲ್ ಕಥೆಯೇ.

ಯಾವಾಗ ಕತ್ತರಿಸಬೇಕು? ಎಲೆ ಉದುರುವ ಗಿಡಗಳಿಗೆ ನನ್ನ ಆಯ್ಕೆ ಹೊಸ ಎಲೆ ಬಲಿತ ಮೇಲಿನ ಸಮಯ. ಅಂಚು ಅದೇ ಋತುವಿನಲ್ಲಿ ಉರುಳಲು ಶುರುವಾಗುತ್ತದೆ. ಮೇಪಲ್‌ನಲ್ಲಿ ಚಳಿಗಾಲದ ಕೊನೆಗೆ, ಮೊಗ್ಗು ಒಡೆಯುವ ಮುಂಚೆ ಕತ್ತರಿಸಿದರೆ ರಸ ಸುರಿಯುತ್ತಲೇ ಇರುತ್ತದೆ, ಪೇಸ್ಟ್ ನಿಲ್ಲುವುದೂ ಇಲ್ಲ. ಆಲ, ಅರಳಿಯಂಥ ಫೈಕಸ್ ಜಾತಿಯವಕ್ಕೆ ಸೆಖೆ ಇರುವ, ಜೋರಾಗಿ ಚಿಗುರುವ ಕಾಲವೇ ಸರಿ. ಅವುಗಳ ಹಾಲು ಸುರಿಯುತ್ತದೆ, ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರೆ ನಿಲ್ಲುತ್ತದೆ, ಮೇಲ್ಮೈ ಒಣಗಿದ ಮೇಲೆ ಪೇಸ್ಟ್. ಫೈಕಸ್ ಗಾಯ ಮುಚ್ಚಿಕೊಳ್ಳುವುದರಲ್ಲಿ ಧಾರಾಳಿ, ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಗಿಡ ಇಲ್ಲ. ಅಜೇಲಿಯಾ ಹಾಗಲ್ಲ. ದೊಡ್ಡ ಗಾಯದಿಂದ ಕೆಳಗಿನ ತೊಗಟೆ ಉದ್ದಕ್ಕೂ ಸಾಯಬಹುದು, ಅದರಲ್ಲಿ ಕತ್ತರಿಸಿದ ಕೂಡಲೇ ಮುಚ್ಚುವುದರಲ್ಲಿ ಸೋಮಾರಿತನ ಬೇಡ. ತೀರಾ ದೊಡ್ಡ ಕೊಂಬೆ ಆದರೆ ಯಾವ ಗಿಡವೇ ಇರಲಿ, ಒಂದು ವರ್ಷ ಮೋಟು ಬಿಟ್ಟು, ಗಿಡ ಸುಧಾರಿಸಿಕೊಂಡ ಮೇಲೆ ಮೋಟನ್ನು ಕಾಂಡದವರೆಗೆ ತೆಗೆಯುವುದು ಕ್ಷೇಮ. ಆದರೆ ಆ ಎರಡನೆಯ ಕೆಲಸ ಮರೆಯಬಾರದು.

ಕೆಲವು ಗಾಯಗಳು ಮುಚ್ಚುವುದೇ ಇಲ್ಲ. ಜೂನಿಪರ್‌ನಲ್ಲಿ ಮುಚ್ಚಿಸಲು ಹೋಗುವ ಬದಲು ಕೊಂಬೆಯ ತೊಗಟೆ ಸುಲಿದು ಸತ್ತ ಕೊಂಬೆಯಾಗಿಯೇ ಉಳಿಸುತ್ತಾರೆ. ಜಪಾನಿನವರು ಅದಕ್ಕೆ ಜಿನ್ ಅನ್ನುತ್ತಾರೆ, ಕಾಂಡದ ಮೇಲಿನ ಸತ್ತ ಪಟ್ಟಿಗೆ ಶಾರಿ. ಅದಕ್ಕೆ ಲೈಮ್ ಸಲ್ಫರ್, ಅಂದರೆ ಸುಣ್ಣ ಗಂಧಕದ ದ್ರಾವಣ, ಹಚ್ಚಿದರೆ ಮರ ಬೆಳ್ಳಗೂ ಆಗುತ್ತದೆ, ಕೊಳೆಯುವುದೂ ತಡವಾಗುತ್ತದೆ. ವಾಸನೆ ಕೆಟ್ಟದು, ಕೈಗವಸು ಹಾಕಿಕೊಂಡು ಬಯಲಲ್ಲೇ ಹಚ್ಚಿ, ಕುಂಡದ ಮಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಿ. ಬೋಗನ್‌ವಿಲ್ಲಾದ ಮರ ಮೆತ್ತಗೆ, ದೊಡ್ಡ ಗಾಯ ಮುಚ್ಚುವ ಮುಂಚೆ ಕೊಳೆಯುತ್ತದೆ. ಅಲ್ಲಿ ನಾನು ಮುಚ್ಚುವ ಆಸೆ ಬಿಟ್ಟು, ಕೆತ್ತಿ ನೀರು ನಿಲ್ಲದ ಹಾಗೆ ಮಾಡಿ, ಮರ ಒಣಗಿಸಿ ಗಟ್ಟಿ ಮಾಡುವ ದ್ರವ ಕುಡಿಸುತ್ತೇನೆ. ಎಲೆ ಉದುರುವ ಗಿಡದ ಕಾಂಡದಲ್ಲಿ ತುಂಬಾ ದೊಡ್ಡ ಗಾಯ ಇದ್ದರೆ ಅದನ್ನು ಪೊಟರೆ ಮಾಡುವುದೂ ಒಂದು ದಾರಿ. ಜಪಾನಿನವರು ಇದಕ್ಕೆ "ಉರೊ" ಅನ್ನುತ್ತಾರೆ. ಒಳಗಿನ ಮರವನ್ನು ಕೆತ್ತಿ ತೆಗೆದು, ಅಂಚು ದುಂಡಗೆ ಒಳಕ್ಕೆ ಉರುಳಲು ಬಿಟ್ಟರೆ ಹಳೆಯ ಮರದಲ್ಲಿ ಕೊಂಬೆ ಮುರಿದು ಬಿದ್ದ ಜಾಗದ ಹಾಗೇ ಕಾಣುತ್ತದೆ. ಆ ಮೇಪಲ್‌ನಲ್ಲಿ ಕೊನೆಗೆ ನಾನು ಮಾಡಿದ್ದು ಇದನ್ನೇ. ಕೊಳೆತದ್ದನ್ನೆಲ್ಲ ಕೆರೆದು, ಕೆಳಗೆ ನೀರು ಹೋಗಲು ಸಣ್ಣ ದಾರಿ ಬಿಟ್ಟೆ. ಈಗ ಪೊಟರೆಯ ಅಂಚು ದುಂಡಗಾಗಿದೆ, ಒಳಗಿನ ಮರ ಗಟ್ಟಿಯಾಗಿದೆ, ಪ್ರತಿ ವರ್ಷ ಚಾಕುವಿನ ತುದಿಯಿಂದ ಒತ್ತಿ ನೋಡುತ್ತೇನೆ.

ಎಲ್ಮ್‌ಗೆ ಮತ್ತೆ ಪೇಸ್ಟ್ ಹಚ್ಚಿದೆ, ಈ ಸಲ ಆ ಕೆಳತುದಿಗೆ ಮಾತ್ರ. ಅಂಚನ್ನು ಒಂದು ಕೂದಲೆಳೆ ಕೆತ್ತಿದೆ, ಹಸಿರು ಕಂಡಿತು. ಹಿಂಭಾಗದ ಬಲಿಕೊಂಬೆ ಈಗ ಬೆರಳು ದಪ್ಪ ಆಗಿದೆ, ಇನ್ನೊಂದು ವರ್ಷ ಬಿಡುತ್ತೇನೆ. ಅದನ್ನು ತೆಗೆದಾಗ ಇನ್ನೊಂದು ಗಾಯ ಆಗುತ್ತದೆ. ಅದಕ್ಕೆ ಬೇಕಾದ ಚಿಗುರು ಎಲ್ಲಿಂದ ಬಿಡಬೇಕು ಅಂತ ಈಗಲೇ ನೋಡಿಟ್ಟಿದ್ದೇನೆ. ಎರಡನೆಯ ತಿರುವಿನ ಮೇಲೆ ಒಂದು ಸಣ್ಣ ಮೊಗ್ಗು ಇದೆ, ಅದನ್ನು ಈ ವರ್ಷ ಮುಟ್ಟುವುದಿಲ್ಲ.